ಬ್ಯಾಕ್ಟೀರಿಯಾಗಳ ನಡುವಿನ ಸಂದೇಶ: ಹೇಳುವ ಕೋಶವನ್ನೂ ಕೇಳುವ ಕೋಶವನ್ನೂ ಬೇರ್ಪಡಿಸುವುದು ಹೇಗೆ?

ಪ್ರಶ್ನೆ (ಕುಂಬಳೆಯ ವಿದ್ಯಾರ್ಥಿನಿ)

ನಾನು ಕಾಸರಗೋಡಿನಲ್ಲಿ ಪದವಿ ಓದುತ್ತಿದ್ದೇನೆ. ಮುಂದಿನ ವಾರ ನಮ್ಮೂರಿನ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೆ ಸಂಶ್ಲೇಷಿತ ಜೀವವಿಜ್ಞಾನದ (ಕೋಶಗಳಿಗೆ ಜೀನುಗಳನ್ನು ಹಾಕಿ ಬೇಕಾದ ಕೆಲಸ ಮಾಡಿಸುವ ವಿದ್ಯೆಯ) ಬಗ್ಗೆ ಮಾತಾಡಬೇಕಾಗಿದೆ. ವಿಬ್ರಿಯೊ ಫಿಶೆರಿ ಎಂಬ ಕಡಲ ಬ್ಯಾಕ್ಟೀರಿಯಾ ಎ.ಎಚ್.ಎಲ್. ಎಂಬ ಸಣ್ಣ ಅಣುವನ್ನು ಹೊರಬಿಡುತ್ತದೆ, ಅದು ಸುತ್ತಲೂ ಸಾಕಷ್ಟು ಸೇರಿದಾಗ ಎಲ್ಲ ಕೋಶಗಳೂ ಒಟ್ಟಿಗೆ ಬೆಳಗುತ್ತವೆ ಎಂಬಲ್ಲಿಯವರೆಗೆ ಅರ್ಥವಾಗಿದೆ. ಆದರೆ ಅಲ್ಲಿ ಹೇಳುವುದೂ ಕೇಳುವುದೂ ಒಂದೇ ಕೋಶ. ಒಂದು ಹೇಳಿ ಇನ್ನೊಂದು ಕೇಳುವಂತೆ ಮಾಡುವುದು ಹೇಗೆ? 2005ರ ಪ್ರಯೋಗವೊಂದರಲ್ಲಿ ಸಂಕೇತ ಕಳುಹಿಸುವ ಚುಕ್ಕಿಯ ಸುತ್ತ ಹಸಿರು ಉಂಗುರ ಮೂಡಿತಂತೆ. ಸಂಕೇತ ಹತ್ತಿರದಲ್ಲೇ ಹೆಚ್ಚಿರುವಾಗ ಹತ್ತಿರದ ಕೋಶಗಳೇಕೆ ಹೊಳೆಯಲಿಲ್ಲ?

ಉತ್ತರ 1 (ಪೆರ್ಲದಿಂದ, ನಿವೃತ್ತ ಅಧ್ಯಾಪಕ)

ಮೊದಲನೆಯದು ಸುಲಭ. ಅಣುವನ್ನು ತಯಾರಿಸುವುದು ಲಕ್ಸ್‌ಐ ಎಂಬ ಪ್ರೋಟೀನು, ಗುರುತಿಸುವುದು ಲಕ್ಸ್‌ಆರ್. ಮೊದಲನೆಯದರ ಜೀನನ್ನು ಮಾತ್ರ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಒಂದು ತಳಿಗೂ ಎರಡನೆಯದರ ಜೀನನ್ನು ಮಾತ್ರ ಇನ್ನೊಂದಕ್ಕೂ ಹಾಕಿದರೆ ಒಂದು ಹೇಳುತ್ತದೆ, ಇನ್ನೊಂದು ಕೇಳುತ್ತದೆ.

ಉಂಗುರದ ಗುಟ್ಟು ಕೇಳುವ ಕೋಶದೊಳಗಿದೆ. ಸುಭಯು ಬಸು, ರಾನ್ ವೈಸ್ ಮತ್ತು ಸಂಗಡಿಗರು ಮಾಡಿದ ಆ ವಿನ್ಯಾಸದಲ್ಲಿ, ಎ.ಎಚ್.ಎಲ್. ಹಿಡಿದ ಲಕ್ಸ್‌ಆರ್ ಎರಡು ಪ್ರೋಟೀನುಗಳನ್ನು ಒಟ್ಟಿಗೆ ಮಾಡಿಸುತ್ತದೆ: ಒಂದು ಸಿ.ಐ., ಇನ್ನೊಂದು ಲ್ಯಾಕ್‌ಐನ ತುಸು ಬದಲಿಸಿದ ರೂಪ. ಇವೆರಡೂ ಬೇರೆ ಪ್ರೋಟೀನು ತಯಾರಾಗದಂತೆ ತಡೆಯುವಂಥವು. ಹಸಿರಾಗಿ ಹೊಳೆಯುವ ಪ್ರೋಟೀನನ್ನು ತಡೆಯುವುದು ಲ್ಯಾಕ್‌ಐ. ಸಂಕೇತ ತಲುಪದಷ್ಟು ದೂರದಲ್ಲಿ ಮಾಮೂಲಿ ಲ್ಯಾಕ್‌ಐ ತಯಾರಾಗುತ್ತಲೇ ಇರುವುದರಿಂದ ಅಲ್ಲಿ ಹಸಿರಿಲ್ಲ. ಮಧ್ಯದ ಅಂತರದಲ್ಲಿ ಸಿ.ಐ. ಆ ಮಾಮೂಲಿ ಲ್ಯಾಕ್‌ಐಯನ್ನು ನಿಲ್ಲಿಸುವಷ್ಟು ಇರುತ್ತದೆ, ಆದರೆ ಬದಲಿಸಿದ ಲ್ಯಾಕ್‌ಐ ಹಸಿರನ್ನು ತಡೆಯುವಷ್ಟು ಇರುವುದಿಲ್ಲ. ಉಂಗುರ ಮೂಡುವುದು ಅಲ್ಲೇ. ತೀರ ಹತ್ತಿರದಲ್ಲಿ ಬದಲಿಸಿದ ಲ್ಯಾಕ್‌ಐ ಕೂಡ ತುಂಬಿಕೊಂಡು ಹಸಿರು ಮತ್ತೆ ಆರುತ್ತದೆ. ಮಕ್ಕಳಿಗೆ ಈ ಹೆಸರುಗಳೆಲ್ಲ ಬೇಡ. ಬೋರ್ಡಿನ ಮೇಲೆ ಚುಕ್ಕಿ, ಕತ್ತಲು, ಹಸಿರು, ಮತ್ತೆ ಕತ್ತಲು ಎಂದು ಬರೆದು ತೋರಿಸಿದರೆ ಸಾಕು.

ಇನ್ನೊಂದು ಮಾತು. ರಾತ್ರಿ ನಮ್ಮ ಕಡಲ ತೆರೆ ಒಡೆಯುವಾಗ ಕಾಣುವ ನೀಲಿ ಹೊಳಪನ್ನು ಅವರು ಖಂಡಿತ ಕೇಳುತ್ತಾರೆ. ಅದು ಸಾಮಾನ್ಯವಾಗಿ ನಾಕ್ಟಿಲೂಕಾ ಎಂಬ ಏಕಕೋಶ ಜೀವಿಯದು. ಅದು ಬ್ಯಾಕ್ಟೀರಿಯಾ ಅಲ್ಲ. ನೀರು ಕಲಕಿದ ಪೆಟ್ಟಿಗೆ ಬೆಳಗುತ್ತದೆಯೇ ಹೊರತು ಅಲ್ಲಿ ಕೋರಂ ಸೇರುವ, ಅಂದರೆ ಸಾಕಷ್ಟು ಕೋಶಗಳು ನೆರೆಯುವವರೆಗೆ ಕಾಯುವ, ಲೆಕ್ಕವಿಲ್ಲ.

ಉತ್ತರ 2 (ಮಂಜೇಶ್ವರದವಳು, ಸಂಶೋಧನಾ ವಿದ್ಯಾರ್ಥಿನಿ)

ಮೇಲಿನ ವಿವರಣೆ ಸರಿಯಾಗಿದೆ. ಆದರೆ ಪ್ರಯೋಗಶಾಲೆಯಲ್ಲಿ ಇದು ಅಷ್ಟು ಸಲೀಸಲ್ಲ ಎಂಬುದನ್ನೂ ಹೇಳಬೇಕು. ಎ.ಎಚ್.ಎಲ್. ಅಣುವಿನಲ್ಲಿರುವ ಲ್ಯಾಕ್ಟೋನ್ ಎಂಬ ಬಳೆಯಾಕಾರದ ಭಾಗ ಕ್ಷಾರದಲ್ಲಿ ತೆರೆದುಕೊಳ್ಳುತ್ತದೆ, ಆಗ ಅದು ಸಂಕೇತವಾಗಿ ಉಳಿಯುವುದಿಲ್ಲ. ಇದನ್ನು ಲೆಕ್ಕಿಸದೆ ನಾನು ಎರಡು ವಾರ ಕಳೆದುಕೊಂಡೆ: ಎಲ್.ಬಿ. ಎಂಬ ಪೋಷಕ ದ್ರವದಲ್ಲಿ ಬೆಳೆದ ಇ. ಕೋಲಿ ಅಮೈನೊ ಆಮ್ಲಗಳನ್ನು ತಿಂದು ಪಿ.ಎಚ್. ಏರಿಸಿತ್ತು (ಅಂದರೆ ದ್ರವವನ್ನು ಕ್ಷಾರವಾಗಿಸಿತ್ತು), ಸಂಕೇತ ದಾರಿಯಲ್ಲೇ ಕರಗುತ್ತಿತ್ತು, ಬೆಳಗ್ಗೆ ನೋಡಿದರೆ ತಟ್ಟೆ ಬರಿದೇ ಮಂಕು ಬಿಳಿ. ಪಿ.ಎಚ್. ಏರದಂತೆ ತಡೆಯುವ ಬಫರು ಹಾಕಿದ ಮೇಲೆ ಹಸಿರು ಬಂತು. ಎರಡು ಸಂಕೇತಗಳನ್ನು ಒಂದೇ ತಟ್ಟೆಯಲ್ಲಿ ಬಳಸುವಾಗ ಮತ್ತೊಂದು ತೊಡಕಿದೆ. ಈ ಅಣುಗಳು ಒಂದನ್ನೊಂದು ಹೋಲುವುದರಿಂದ, ಒಂದಕ್ಕಾಗಿ ಇಟ್ಟ ಗ್ರಾಹಕ (ಲಕ್ಸ್‌ಆರ್‌ನಂಥ ಗುರುತಿಸುವ ಪ್ರೋಟೀನು) ಇನ್ನೊಂದಕ್ಕೂ ಓಗೊಡುವುದುಂಟು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಒಂದು ಅಣುವಿಗೆ ಒಂದೇ ಮಾತೇ? ಬೇರೆ ಮಾತು ಹೇಳಬೇಕಾದರೆ ಪ್ರತಿ ಸಲವೂ ಬೇರೆ ಅಣುವನ್ನೇ ಹುಡುಕಬೇಕೇ?

ಉತ್ತರ 3 (ಪೆರ್ಲದಿಂದ)

ಇದೇ ಮುಖ್ಯವಾದ ಪ್ರಶ್ನೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಾದ ನಿಮಗೆ ಹೀಗೆ ಹೇಳಬಹುದು: ದೂರದ ಗದ್ದೆಯಿಂದ ಚೆಂಡೆಯ ಸದ್ದು ಬಂದರೆ ಆಟ ಶುರುವಾಯಿತೆಂದು ತಿಳಿಯುತ್ತದೆ, ಪ್ರಸಂಗ ಯಾವುದೆಂದು ತಿಳಿಯುವುದಿಲ್ಲ. ಎ.ಎಚ್.ಎಲ್. ಆ ಚೆಂಡೆಯ ಹಾಗೆ. ಅದು ಕೇಳಿದಾಗ ಏನು ಮಾಡಬೇಕೆಂಬುದು ಕೇಳುವ ಕೋಶದಲ್ಲಿ ಮೊದಲೇ ಬರೆದಿರುತ್ತದೆ. 2012ರಲ್ಲಿ ಮೋನಿಕಾ ಒರ್ಟಿಸ್ ಮತ್ತು ಡ್ರೂ ಎಂಡಿ ಅವರು ಎಂ13 ಎಂಬ ವೈರಸ್ಸನ್ನು ಅಂಚೆಯವನನ್ನಾಗಿ ಮಾಡಿ, ಪ್ರಸಂಗವನ್ನೇ, ಅಂದರೆ ಡಿ.ಎನ್.ಎ.ಯನ್ನೇ, ಕೋಶದಿಂದ ಕೋಶಕ್ಕೆ ಕಳುಹಿಸಿ ತೋರಿಸಿದರು. ಆ ವೈರಸ್ಸು ತಾನಿರುವ ಕೋಶವನ್ನು ಒಡೆಯದೆ ಹೊರಬರುತ್ತದೆ, ಆದ್ದರಿಂದ ಕಳುಹಿಸುವ ಕೋಶ ಉಳಿಯುತ್ತದೆ. ದಾರಿ ಒಂದೇ, ಒಳಗಿನ ಮಾತನ್ನು ಬೇಕಾದಂತೆ ಬದಲಿಸಬಹುದು. ಒಂದೇ ನಿಬಂಧನೆ: ಪಡೆಯುವ ಕೋಶಕ್ಕೆ ಎಫ್ ಪಿಲಸ್ ಎಂಬ ಎಳೆ ಇರಬೇಕು, ಏಕೆಂದರೆ ಎಂ13 ಮೊದಲು ಅಂಟಿಕೊಳ್ಳುವುದು ಅದರ ತುದಿಗೆ.