ಸಹಾಯ ಬೇಕು: ಆಯಿಯನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ಸಮಯ ಬಂದಿದೆಯೇ?

ಶಿರಸಿ ಸಮೀಪದ ತೋಟದ ಮನೆಯಲ್ಲಿ 82 ವರ್ಷದ ನನ್ನ ಆಯಿ (ಅಮ್ಮ) ಒಬ್ಬಳೇ ಇದ್ದಾಳೆ. ನಾನು ಕಾರವಾರದಲ್ಲಿ ನೌಕರಿಯಲ್ಲಿದ್ದೇನೆ. ಸ್ನಾನ, ಊಟ, ಶೌಚ ಎಲ್ಲವನ್ನೂ ಇಂದಿಗೂ ತಾನೇ ನೋಡಿಕೊಳ್ಳುತ್ತಾಳೆ, ತಂಬುಳಿಗೆ ಒಂದೆಲಗವನ್ನೂ ತಾನೇ ಕೊಯ್ದು ತರುತ್ತಾಳೆ. ಆದರೆ ಕಳೆದ ತಿಂಗಳು ನಾನು ಹೋದಾಗ ಬಚ್ಚಲೊಲೆಯ ಬೆಂಕಿ ಪಕ್ಕದ ಸೋಗೆಯ ರಾಶಿಯ ಹತ್ತಿರಕ್ಕೆ ಬಂದಿತ್ತು, ರಕ್ತದೊತ್ತಡದ ಮಾತ್ರೆಗಳನ್ನು ಒಂದೇ ದಿನ ಎರಡು ಸಲ ನುಂಗಿದ್ದಳು.

ಮರೆವಿಗೆ ಬಿ12 ಅಥವಾ ಥೈರಾಯ್ಡ್ ಕೊರತೆಯೂ ಕಾರಣವಾಗಬಹುದೆಂದು ವೈದ್ಯರು ಎರಡನ್ನೂ ಪರೀಕ್ಷಿಸಿದರು, ಕೊರತೆಯಿಲ್ಲ. ಹಗಲಿಗೆ ಒಬ್ಬ ಹೆಂಗಸನ್ನು ಗೊತ್ತುಮಾಡಿದ್ದೇನೆ, ರಾತ್ರಿ ಉಳಿಯುವವರು ಸಿಗುತ್ತಿಲ್ಲ. ಕಾರವಾರಕ್ಕೆ ಕರೆತಂದರೆ ಹದಿನೈದೇ ದಿನಕ್ಕೆ, ತೋಟ ಬಿಟ್ಟು ಇರಲಾರೆ ಎಂದು ಅತ್ತಳು. ಆ ಅಳು ಇನ್ನೂ ನನ್ನ ಕಿವಿಯಲ್ಲಿದೆ.

ದೇಹ ಗಟ್ಟಿಯಾಗಿದ್ದೂ ಮರೆವು ಹೆಚ್ಚುತ್ತಿರುವ ಹಿರಿಯರನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದವರು, ಇನ್ನು ಮನೆಯಲ್ಲಿ ಒಬ್ಬರೇ ಇರುವುದು ಸಾಧ್ಯವಿಲ್ಲವೆಂದು ಯಾವ ಲಕ್ಷಣವನ್ನು ಕಂಡು ನಿರ್ಧರಿಸಿದಿರಿ?