‘ದಿಸ್ ಈಸ್ ಅಮೆರಿಕಾ’ ನೋಟ್ಸ್ ಜೂನಿಯರ್ಸ್‌ಗೆ ಕೊಡಬೇಕಾ?

ಗಿರೀಶ: (ಪಿಡಿಎಫ್ ಫಾರ್ವರ್ಡ್) ಅಮೆರಿಕದ ಗಾಯಕ ಚೈಲ್ಡಿಶ್ ಗ್ಯಾಂಬಿನೋನ ಈ ಮ್ಯೂಸಿಕ್ ವಿಡಿಯೋದ (ಬಂದೂಕಿನ ಹಿಂಸೆ, ಕಪ್ಪು ಜನರ ಬದುಕು ಕುರಿತದ್ದು) ವಿಶ್ಲೇಷಣೆ. ಇದನ್ನೇ ಮಾದರಿ ಅಂತ ಕೊಡೋಣ. ಸಿನಿಮಾ ಚಿಂತಕಿ ಲಾರಾ ಮಲ್ವಿ, ಒಂದೇ ಕೃತಿಯನ್ನ ನೋಡುಗರು ಬೇರೆಬೇರೆ ಥರ ಓದ್ತಾರೆ ಅಂದ ಸ್ಟುವರ್ಟ್ ಹಾಲ್, ಮ್ಯೂಸಿಕ್ ವಿಡಿಯೋ ಬಗ್ಗೆ ಬರೆದ ಆಂಡ್ರ್ಯೂ ಗುಡ್ವಿನ್ ಮೂವರೂ ಇದಾರೆ.

ಸುಮಕ್ಕ: ಮೂವರನ್ನೂ ತುರುಕಿರೋದೇ ತೊಂದರೆ ಗಿರಿ. ಮಲ್ವಿ 1975ರಲ್ಲಿ ಬರೆದದ್ದು ಹಾಲಿವುಡ್ ಸಿನಿಮಾ ಹೆಣ್ಣನ್ನ ನೋಡೋ ವಸ್ತು ಮಾಡೋದರ ಬಗ್ಗೆ. ಇಲ್ಲಿ ಬರಿಮೈಯಲ್ಲಿ ಕುಣಿಯೋನು ಗಂಡಸು.

ಗಿರೀಶ: ಗಂಡಿನ ಮೈಗೂ ಅನ್ವಯಿಸಬಹುದಲ್ಲ ಅಕ್ಕಾ?

ಸುಮಕ್ಕ: ಅನ್ವಯಿಸು, ಆದರೆ ಯಾವ ಶಾಟ್, ಯಾರ ನೋಟ ಅಂತ ತೋರಿಸು. ಪುಟ 2ರಲ್ಲಿ ಬರೀ ಮಲ್ವಿ ಹೆಸರಿದೆ.

ರವಿ: ಗುಡ್ವಿನ್ ಭಾಗ ಇನ್ನೂ ಬಡವಾಗಿದೆ. ‘ದೃಶ್ಯವು ಹಾಡಿನ ಸಾಹಿತ್ಯಕ್ಕೆ ಪೂರಕ’, ಅಷ್ಟೇ. 1992ರ ಪುಸ್ತಕದಲ್ಲಿ ಅವರು ಮೂರು ಸಂಬಂಧ ಬೇರೆ ಮಾಡ್ತಾರೆ: ಹಾಡಲ್ಲಿ ಇದ್ದದ್ದನ್ನೇ ತೋರಿಸೋದು, ಅರ್ಥ ಹಿಗ್ಗಿಸೋದು, ಹಾಡಿಗೆ ಹೊಂದದ್ದನ್ನ ತೋರಿಸೋದು. ಈ ಒಂದೇ ವಿಡಿಯೋದಲ್ಲಿ ಎರಡು ತುದಿನೂ ಸಿಗುತ್ತೆ. ಸಾಹಿತ್ಯದಲ್ಲಿ ಫೋನ್ ಬಂದಾಗ ಕ್ಯಾಮೆರಾ ಮೇಲೇರಿ ಫೋನ್ ಹಿಡಿದ ಹುಡುಗರನ್ನ ತೋರಿಸುತ್ತೆ. ಕಾಯಿರ್ (ಚರ್ಚ್ ಗಾಯಕರ ಗುಂಪು) ಖುಷಿಯಾಗಿ ಹಾಡ್ತಿರುವಾಗಲೇ ಗುಂಡಿನ ಮಳೆ. ಅದನ್ನ ತುಂಬ ಜನ 2015ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್‌ನ ಕಪ್ಪು ಜನರ ಚರ್ಚ್‌ನಲ್ಲಿ ನಡೆದ ಹತ್ಯೆಗೆ ಜೋಡಿಸಿ ಓದಿದಾರೆ.

ಗಿರೀಶ: ವಿಡಿಯೋ ಶುರುವಲ್ಲಿ ಹಾರೋ ಮೊದಲ ಗುಂಡನ್ನ ಈ ಮೂರರಲ್ಲಿ ಯಾವ ಬಗೆಗೆ ಹಾಕೋದು?

ರವಿ: ಯಾವುದಕ್ಕೂ ಅಲ್ಲ. ಅಲ್ಲಿ ಚಿತ್ರ ಮಾತಾಡೋದು ಸಂಗೀತದ ಜೊತೆ. ಗುಂಡು ಬಿದ್ದ ಕ್ಷಣವೇ ಗಿಟಾರ್ ನಿಂತು ಟ್ರ್ಯಾಪ್ (ಹಿಪ್‌ಹಾಪ್‌ನ ಒಂದು ಬಗೆ) ಬೇಸ್ ಶುರು. ಅದಕ್ಕೇ ಮೊದಲು ಚಿತ್ರ ನೋಡದೆ ಕೇಳಿ ತಿರುವುಗಳನ್ನ ಬರ್ಕೊಬೇಕು, ಆಮೇಲೆ ಮ್ಯೂಟ್ ಮಾಡಿ ನೋಡಬೇಕು, ಕೊನೆಗೆ ಎರಡೂ ಸೇರಿಸಿ. ಒಂದೇ ಸಲಕ್ಕೆ ನೋಡಿದರೆ ಕುಣಿತದ ಮೇಲೇ ಕಣ್ಣು ಹೋಗುತ್ತೆ, ಹಿಂದೆ ಹಾದುಹೋಗೋ ಬಿಳಿ ಕುದುರೆ ತಪ್ಪುತ್ತೆ.

ಸುಮಕ್ಕ: ಕಟ್ (ಶಾಟ್ ಬದಲಾಗೋದು) ಎಣಿಸೋ ಕೋಷ್ಟಕ ಇಲ್ಲಿ ನಡೆಯಲ್ಲ. ನಿರ್ದೇಶಕ ಹಿರೋ ಮುರಾಯ್ ಉದ್ದುದ್ದ ಶಾಟ್ ಇಟ್ಟಿದಾರೆ. ಸಮಯ, ಮುಂಭಾಗ, ಹಿನ್ನೆಲೆ, ಶಬ್ದ, ನಾಲ್ಕು ಕಾಲಂ ಮಾಡಿ. ಫ್ರೇಮಿಗೆ ಹೊಸದೇನಾದರೂ ಬಂದಾಗೆಲ್ಲ ಹೊಸ ಸಾಲು.

ಗಿರೀಶ: ಸರಿ, ಮಲ್ವಿ ತೆಗೀತೀನಿ. ಹಾಲ್ ಮಾತ್ರ ಬಿಡಲ್ಲ.

ಸುಮಕ್ಕ: ಹಾಲ್ ಬೇಕೇ ಬೇಕು. ಆದರೆ ‘ವಿಡಿಯೋ ಇಷ್ಟವಾಗದವರದ್ದು ವಿರೋಧಿ ಓದು’ ಅನ್ನೋ ಸಾಲು ಹೊಡೆದುಹಾಕು. ಉದ್ದೇಶಿತ ಅರ್ಥ ಪೂರ್ತಿ ತಿಳಿದು, ಅದನ್ನ ಒಪ್ಪದೆ ಬೇರೆ ಚೌಕಟ್ಟಿನಲ್ಲಿ ಓದೋದು ವಿರೋಧಿ ಓದು. ‘ಬಂದೂಕನ್ನ ದೂರುತ್ತೆ, ತಪ್ಪು ಬಂದೂಕಿನದ್ದಲ್ಲ’ ಅನ್ನೋನು ಹಾಗೆ. ‘ಮಾತು ನಿಜ, ಆದರೆ ಕಪ್ಪು ಜನರ ಸಾವನ್ನ ಹೀಗೆ ತೋರಿಸಬಾರದಿತ್ತು’ ಅಂದರೆ ಅದು ರಾಜಿಯ ಓದು.

ಗಿರೀಶ: ಈ ಎರಡು ಉದಾಹರಣೆ ಪುಟ 3ಕ್ಕೆ ಹಾಕ್ತೀನಿ. ರವಿ, ಕೋಷ್ಟಕದ ಮೊದಲ ನಿಮಿಷ ನೀನು ಮಾಡಿಕೊಡು.