ಪದಚರ್ಚೆ: ಫೋಟೊದ ಅಂಚು, ಸೀರೆಯ ಅಂಚು

ಬಳಗದ ಎಲ್ಲರಿಗೂ ನಮಸ್ಕಾರ.

ಇಳಕಲ್ ಕಡೆಯ ಕೆಲವು ನೇಕಾರ ಮನೆಗಳವರು ತಮ್ಮ ಸೀರೆಗಳನ್ನು ತಾವೇ ಆನ್‌ಲೈನ್‌ನಲ್ಲಿ ಮಾರಲು ಹೊರಟಿದ್ದಾರೆ. ಜಾಹೀರಾತಿಗೆ ಫೋಟೊ ಹೇಗೆ ತೆಗೆಯಬೇಕು ಅಂತ ಅವರಿಗೊಂದು ಚಿಕ್ಕ ಕನ್ನಡ ಕೈಪಿಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವರ ಹತ್ತಿರ ಈಗಾಗಲೇ ಒಂದು ಹಾಳೆ ಇದೆ. ಇಂಗ್ಲಿಷ್ ನಿಯಮಗಳನ್ನು ಯಾರೋ ಸಾಲು ಸಾಲಾಗಿ ಕನ್ನಡಕ್ಕೆ ತಂದದ್ದು. ಅದರಲ್ಲೊಂದು ಸಾಲು: "ಚಿತ್ರಕ್ಕೆ ಅಂಚು ಇರಬಾರದು." ಅದನ್ನು ಓದಿದ ಅಕ್ಕ ಒಬ್ಬರು ಕೇಳಿದರು: "ದಡಿ ಇಲ್ಲದ ಸೀರಿ ಯಾರ್ ಉಡ್ತಾರ್ರೀ?"

ಅವರು ಕೇಳಿದ್ದು ಸರಿಯಾಗಿಯೇ ಇದೆ. ಸೀರೆಯ ಬಾರ್ಡರಿಗೆ ಆ ಕಡೆ ದಡಿ ಅನ್ನುತ್ತಾರೆ. ಅದರಲ್ಲೇ ಗೋಮಿ, ಚಿಕ್ಕಿ ಪರಾಸ್, ಗಾಡಿ ಅಂತ ಬಗೆಗಳಿವೆ. ಆದರೆ ಅಚ್ಚಿನಲ್ಲಿ ಅಂಚು ಅಂತ ಕಂಡರೆ ಅವರ ಮನಸ್ಸಿಗೆ ಬರುವುದು ಆ ದಡಿಯೇ. ನೇಯುವವರು ಬೇರೆ ಇನ್ನೇನು ಅಂದುಕೊಳ್ಳಬೇಕು? ನಿಯಮ ಹೇಳುತ್ತಿದ್ದದ್ದು ಫೋಟೊದ ಸುತ್ತ ಕೆಲವರು ಹಾಕುವ ಬಣ್ಣದ ಗೆರೆ, ಹೂಬಳ್ಳಿಯ ಬಗ್ಗೆ. ಗೂಗಲ್ ಶಾಪಿಂಗ್ ಅದನ್ನು ಒಪ್ಪುವುದಿಲ್ಲ, ಅಮೆಜಾನ್ ಕೂಡ ಮೊದಲ ಫೋಟೊದಲ್ಲಿ ಒಪ್ಪುವುದಿಲ್ಲ. ಈ ಸಾಲಿಗೆ ಪರಿಹಾರ ಸುಲಭ. "ಫೋಟೊಗೆ ಚೌಕಟ್ಟು, ಫ್ರೇಮು ಹಾಕಬೇಡಿ" ಅಂದರೆ ಮುಗಿಯಿತು. ಕಷ್ಟ ಇರುವುದು ಇನ್ನೊಂದು ಕಡೆ. ಸೀರೆ ಫೋಟೊದ ಕೊನೆಗೆ ತಾಗಿ ಅರ್ಧಕ್ಕೆ ನಿಂತುಹೋಗಬಾರದು, ಸುತ್ತ ಸ್ವಲ್ಪ ಜಾಗ ಇರಬೇಕು ಅಂತ ಹೇಳಬೇಕಲ್ಲ? ಆ "ಕೊನೆ"ಗೆ ಏನನ್ನೋಣ? ಬದಿ, ಮಗ್ಗುಲು, ಹೊರಗೆರೆ ಎಲ್ಲವನ್ನೂ ಬರೆದು ನೋಡಿದೆ. ನನಗೆ ಬದಿ ಹಿಡಿಸಿದೆ, ಆದರೆ "ಬದಿಗೆ ಇಡಿ" ಅಂದಾಗ ಅದು ಬೇರೆಯೇ ಮಾತಾಗುತ್ತದೆ. ಇದು ನನ್ನ ಮೊದಲ ಪ್ರಶ್ನೆ.

ಆಮೇಲೆ ಇಡೀ ಹಾಳೆಯನ್ನು ಅವರ ಕಣ್ಣಿನಿಂದ ಓದಿದೆ. ಫೋಟೊಗೆ ಹೇಳಿದ ಮಾತೆಲ್ಲ ಬಟ್ಟೆಗೆ ಹೇಳಿದ ಹಾಗೆ ಕೇಳಿಸುತ್ತದೆ! "ನೀರ್ಗುರುತು ಇರಬಾರದು" ಅಂತ ಒಂದು ಸಾಲು. ಅದು ವಾಟರ್‌ಮಾರ್ಕ್, ಅಂದರೆ ಫೋಟೊ ಮೇಲೆ ಒತ್ತುವ ಹೆಸರು, ನಂಬರು ಅಂತ ನಮಗೆ ಗೊತ್ತು. ಆದರೆ ಬಟ್ಟೆ ಮಾರುವವರಿಗೆ ನೀರಿನ ಗುರುತು ಅಂದರೆ ನೀರು ಬಿದ್ದು ಆದ ಕಲೆ. ಕಲೆ ಇದ್ದ ಸೀರೆಯನ್ನು ಅವರು ಹೇಗೂ ಮಾರುವುದಿಲ್ಲ, ಹಾಗಾಗಿ ಸಾಲನ್ನು ಓದಿ ತಲೆಯಾಡಿಸಿ ಮುಂದೆ ಹೋಗಿದ್ದಾರೆ. ಫೋಟೊಗಳ ನಡುಮಧ್ಯೆ ಫೋನ್ ನಂಬರು ಹಾಗೇ ಉಳಿದಿದೆ. ನಂಬರು ಹಾಕುವುದಕ್ಕೂ ಕಾರಣ ಇದೆ ಬಿಡಿ. ವಾಟ್ಸಾಪಿನಲ್ಲಿ ಒಬ್ಬರ ಫೋಟೊವನ್ನು ಇನ್ನೊಬ್ಬರು ತಮ್ಮದೇ ಸರಕು ಅಂತ ಹಂಚುವುದು ದಿನಾ ನಡೆಯುವ ಮಾತು. ಅದಕ್ಕೇ ಜಲಚಿಹ್ನೆ, ನೀರಚ್ಚು ಮುಂತಾದ ಪದಗಳ ಗೋಜೇ ಬೇಡ, "ಫೋಟೊ ಮೇಲೆ ಅಂಗಡಿ ಹೆಸರು, ಫೋನ್ ನಂಬರು, ಆಫರ್ ಏನೂ ಬರೆಯಬೇಡಿ" ಅಂತ ನೇರ ಬರೆಯೋಣ ಅಂದುಕೊಂಡಿದ್ದೇನೆ. ಒಂದೇ ಪದದಲ್ಲಿ ಹೇಳಲೇಬೇಕು ಅನ್ನುವವರು ವಾದಿಸಬಹುದು.

ನನ್ನನ್ನು ಜಾಸ್ತಿ ಕಾಡಿದ ಪದ ನೆರಳು. ಹಾಳೆಯಲ್ಲಿ ಮೇಲೊಂದು ಕೆಳಗೊಂದು ಎರಡು ಸಾಲು ಇವೆ: "ನೆರಳಿನಲ್ಲಿ ಫೋಟೊ ತೆಗೆಯಿರಿ." "ಫೋಟೊದಲ್ಲಿ ನೆರಳು ಇರಬಾರದು." ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಪದ, ಶೇಡ್ ಮತ್ತು ಶ್ಯಾಡೊ. ನಮಗೆ ಮರದ ಕೆಳಗೆ ಕೂರುವುದೂ ನೆರಳು, ಗೋಡೆ ಮೇಲೆ ಬೀಳುವುದೂ ನೆರಳು. ನೆಳಲು, ತಣ್ಣೆಳಲು ಅಂತ ಹಳೆಯ ಪದಗಳಿವೆ, ಆದರೆ ಕೈಪಿಡಿಯಲ್ಲಿ ತಣ್ಣೆಳಲು ಬರೆದರೆ ಕವಿತೆ ಓದಿದ ಹಾಗಾಗುತ್ತದೆ. ಛಾಯೆ ಅಂದರೆ ಬಣ್ಣದ ಛಾಯೆ ಅಂದುಕೊಳ್ಳುತ್ತಾರೆ, ಸೀರೆಯ ಮಾತಿನಲ್ಲಿ ಅದು ಇನ್ನೂ ಅಪಾಯ. ಕೊನೆಗೆ ನಾನು ಮೊದಲನೆಯದರಲ್ಲಿ ನೆರಳು ತೆಗೆದು ಬಿಸಿಲು ತಂದೆ: "ಬಿಸಿಲು ನೇರ ಬೀಳದ, ಆದರೆ ಚೆನ್ನಾಗಿ ಬೆಳಕಿರುವ ಜಾಗ. ಪಡಸಾಲೆ, ಕಿಟಕಿ ಪಕ್ಕ." ಎರಡನೆಯದಕ್ಕೆ ನೆರಳು ಯಾರದು ಅಂತ ಸೇರಿಸಿದೆ: "ನಿಮ್ಮ ಕೈಯ, ಫೋನಿನ ನೆರಳು ಸೀರೆ ಮೇಲೆ ಬೀಳದ ಹಾಗೆ." ಒಂದು ಪದಕ್ಕೆ ಒಂದು ಪದ ಹುಡುಕುವ ಹಟ ಬಿಟ್ಟರೆ ಕನ್ನಡದಲ್ಲಿ ತೊಡಕೇ ಇಲ್ಲ ಅಲ್ವಾ?

ಬಿಳಿಯ ವಿಷಯ. ಅಮೆಜಾನ್ ಮೊದಲ ಫೋಟೊಗೆ ಕೇಳುವುದು ಬರೀ ಬಿಳಿಯಲ್ಲ, ಕಂಪ್ಯೂಟರಿನ ಲೆಕ್ಕದಲ್ಲಿ ಕೆಂಪು, ಹಸಿರು, ನೀಲಿ ಮೂರೂ ಗರಿಷ್ಠ, ಅಂದರೆ 255 ಇರುವ ಬಿಳಿ. ಹಾಳೆಯಲ್ಲಿ "ಶುದ್ಧ ಶ್ವೇತ ಹಿನ್ನೆಲೆ" ಅಂತಿದೆ. ಅಚ್ಚ ಬಿಳಿ ಅಂದರೆ ಸಾಕಿತ್ತು. ಆದರೆ ಅಚ್ಚ ಬಿಳಿ ಅಂದರೂ ಕೆಲಸ ಮುಗಿಯುವುದಿಲ್ಲ. ಒಗೆದು ನೀಲಿ ಹಾಕಿದ ಪಂಚೆ ಕಣ್ಣಿಗೆ ಅಚ್ಚ ಬಿಳಿಯೇ. ಅದನ್ನೇ ಹಾಸಿ ಫೋಟೊ ತೆಗೆದರೆ ಬೂದಿ ಬಣ್ಣ ಬರುತ್ತದೆ. ಬಿಳಿ ಜಾಸ್ತಿ ಇದ್ದಾಗ ಕ್ಯಾಮೆರಾ ಬೆಳಕು ಹೆಚ್ಚಾಯಿತು ಅಂದುಕೊಂಡು ತಾನಾಗಿ ತಗ್ಗಿಸುವುದೇ ಇದಕ್ಕೆ ಕಾರಣ. ಆದ್ದರಿಂದ ಪರದೆಯಲ್ಲಿ ಸೀರೆಯ ಮೇಲೆ ಬೆರಳೊತ್ತಿ ಬೆಳಕು ಸ್ವಲ್ಪ ಏರಿಸಬೇಕು. ಹೀಗೆ ಬಿಳಿ ಬೂದಿಯಾಗುವುದಕ್ಕೆ ನಮ್ಮಲ್ಲಿ ಒಳ್ಳೆ ಪದ ಇದೆ, ಮಾಸು. ಮಾಸಲು ಬಿಳಿ. ಆದರೆ ಇಲ್ಲೂ ಅದೇ ಪಾಡು: "ಬಿಳಿ ಮಾಸಿದೆ" ಅಂದರೆ ಪಂಚೆಯನ್ನು ಮತ್ತೊಮ್ಮೆ ಒಗೆಯಲು ಹೋಗುತ್ತಾರೆ. "ಫೋಟೊದಲ್ಲಿ ಮಾಸಲಾಗಿ ಕಾಣುತ್ತದೆ" ಅಂತ ಬರೆದಿದ್ದೇನೆ. ಹಿನ್ನೆಲೆ ಪದಕ್ಕೆ ನನ್ನ ತಕರಾರಿಲ್ಲ, ಎಲ್ಲರಿಗೂ ತಿಳಿಯುತ್ತದೆ.

ಬಣ್ಣಗಳ ಹೆಸರಿಗೆ ಮಾತ್ರ ನಾವು ಅವರ ಹತ್ತಿರವೇ ಕಲಿಯಬೇಕು. ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿ ಹಸಿರು. "ಒಡಲಿನ ಕೆಂಪು ದಾಳಿಂಬೆಯಾಗಿಯೇ ಕಾಣಬೇಕು, ಇಟ್ಟಿಗೆಯಾಗಬಾರದು" ಅಂದರೆ ಸಾಕು, ಸಂಜೆ ಹಳದಿ ಬಲ್ಬಿನ ಕೆಳಗೆ ಯಾಕೆ ತೆಗೆಯಬಾರದು ಅಂತ ಬಿಡಿಸಿ ಹೇಳಬೇಕಿಲ್ಲ.

ಕ್ರಾಪ್ ಪದಕ್ಕೆ ಹಾಳೆಯಲ್ಲಿ "ಕತ್ತರಿಸಿ" ಅಂತಿದೆ. ಮಗ್ಗದ ಮನೆಯಲ್ಲಿ ಕತ್ತರಿಸಿ ಅನ್ನುವ ಮಾತನ್ನು ಅಷ್ಟು ಸಲೀಸಾಗಿ ಆಡುವುದು ಬೇಡ. ಕ್ರಾಪು ಅಂತಲೇ ಇಡೋಣ ಅಂದರೆ ಅದು ಆಗಲೇ ತಲೆಗೂದಲಿಗೆ ಹೋಗಿ ಕೂತಿದೆ. ಸವರು ಹೇಗೆ? ಗಿಡ ಸವರುವುದು ಅಂತ ಇದೆಯಲ್ಲ. ಆದರೆ ಫೋನಿನ ಪರದೆಯ ಮುಂದೆ ಸವರು ಅಂದರೆ ಬೆರಳಾಡಿಸುವುದು ಅಂತಲೇ ಅರ್ಥ. ಸದ್ಯಕ್ಕೆ "ಸುತ್ತಲಿನ ಬೇಡದ ಜಾಗ ತೆಗೆಯಿರಿ" ಅಂತಿದೆ.

ಥಂಬ್‌ನೇಲ್‌ಗೆ, ಅಂದರೆ ಪಟ್ಟಿಯಲ್ಲಿ ಮೊದಲು ಕಾಣುವ ಫೋಟೊದ ಚಿಕ್ಕ ರೂಪಕ್ಕೆ, ಹಾಳೆಯಲ್ಲಿ ಬರೆದಿರುವುದು ಕಿರುಚಿತ್ರ. ಕಿರುಚಿತ್ರ ಅಂದರೆ ಇವತ್ತು ಯೂಟ್ಯೂಬಿನಲ್ಲಿ ಬರುವ ಹತ್ತು ನಿಮಿಷದ ಸಿನಿಮಾ. "ಕಿರುಚಿತ್ರದಲ್ಲಿ ಸೆರಗು ಕಾಣಬೇಕು" ಅನ್ನುವ ಸಾಲು ಓದಿ ನಗು ಬಂತು. ಆದರೆ ಹೇಳುತ್ತಿರುವ ವಿಷಯ ಮುಖ್ಯ. ಇಳಕಲ್ ಸೀರೆಯ ಗುರುತೇ ಅದರ ತೋಪ ತೆನಿ ಸೆರಗು, ಕೆಂಪಿನ ಮೇಲೆ ಬಿಳಿ ತೆನೆಗಳು. ಕೊಳ್ಳುವವರು ಮೊದಲು ನೋಡುವುದು ಬೆರಳಗಲದ ಫೋಟೊವನ್ನು. ಅಷ್ಟರಲ್ಲೇ ಸೆರಗು, ದಡಿ, ಒಡಲು ಮೂರೂ ಕಾಣುವ ಹಾಗೆ ಸೀರೆ ಮಡಚಿರಬೇಕು. ಹಾಗಾದರೆ ಅದಕ್ಕೆ ಏನನ್ನೋಣ? ಪುಟ್ಟ ಫೋಟೊ? ಉಗುರುಚಿತ್ರ ಅಂತ ಯಾರೂ ಹೇಳಬೇಡಿ, ದಯವಿಟ್ಟು.

ಅಳತೆಯದ್ದೊಂದು ಉಳಿದಿದೆ. ಸರಕು ಫೋಟೊದ ಎಷ್ಟು ಪಾಲು ತುಂಬಿರಬೇಕು ಅನ್ನುವುದಕ್ಕೆ ಗೂಗಲ್ ಹೇಳುವುದು ನೂರಕ್ಕೆ 75ರಿಂದ 90. ಅಮೆಜಾನ್ 85. ಹಾಳೆಯಲ್ಲಿ "ಪ್ರತಿಶತ 75 ವ್ಯಾಪ್ತಿ" ಅಂತಿದೆ. ಅದನ್ನು ಬಿಡಿಸಿ ಹೇಳಿದಾಗ ಅಲ್ಲಿನ ಅಜ್ಜ ಒಬ್ಬರು "ಹನ್ನೆರಡಾಣೆ ಅನ್ನಿ" ಅಂದರು. ಲೆಕ್ಕ ಪಕ್ಕಾ! ಹಳೆಯ ರೂಪಾಯಿಯ ಹದಿನಾರಾಣೆಯಲ್ಲಿ ಹನ್ನೆರಡು ಅಂದರೆ ನೂರಕ್ಕೆ ಸರಿಯಾಗಿ 75. ಅಮೆಜಾನಿನ 85 ಕೂಡ ಹೆಚ್ಚುಕಡಿಮೆ ಹದಿನಾಲ್ಕಾಣೆ. ಬರೆಯಬೇಕು ಅಂತ ಆಸೆಯೇನೋ ಇದೆ, ಆದರೆ ಫೋಟೊ ತೆಗೆಯುವುದು ಮೊಮ್ಮಕ್ಕಳು. ಅವರಿಗೆ ಮುಕ್ಕಾಲು ಗೊತ್ತು, ಆಣೆ ಗೊತ್ತಿಲ್ಲ. "ಮುಕ್ಕಾಲಿಗಿಂತ ಜಾಸ್ತಿ" ಅಂತ ಬರೆದು ಸುಮ್ಮನಾದೆ.

ಈಗ ನಿಮ್ಮಿಂದ ಬೇಕಾದದ್ದು ಎರಡು ಪದ, ಫೋಟೊದ ಕೊನೆಗೊಂದು, ಥಂಬ್‌ನೇಲ್‌ಗೊಂದು. ಸ್ಟುಡಿಯೊ ನಡೆಸುವವರು, ಫ್ಲೆಕ್ಸ್ ಡಿಸೈನ್ ಮಾಡುವವರು ಬಳಗದಲ್ಲಿದ್ದರೆ ಅವರು ಕೆಲಸ ಮಾಡುವಾಗ ಆಡುವ ಪದವನ್ನೇ ಹೇಳಲಿ. ಜೊತೆಗೆ ಮೊಳಕಾಲ್ಮೂರು ಕಡೆಯವರಿಗೆ ಒಂದು ಮಾತು. ನಿಮ್ಮಲ್ಲಿ ಸೀರೆಗೆ ದಡಿ ಅನ್ನುತ್ತೀರೋ ಅಂಚು ಅನ್ನುತ್ತೀರೋ? ಇದೇ ಕೈಪಿಡಿಯನ್ನು ಆಮೇಲೆ ಅಲ್ಲಿಗೂ ಕಳಿಸುವ ಯೋಚನೆ ಇದೆ. ಮೈಸೂರು ಸೀಮೆಯಲ್ಲಂತೂ ದಡಿ ಅಂದರೆ ದಪ್ಪ ಆಳನ್ನು ಕರೆಯುವ "ದಡಿಯ" ಅನ್ನುವ ಪದ ನೆನಪಾಗಿ ನಗುತ್ತಾರೆ.